ಹೊಸ ಉಡುಪಿಗಿಂತ ಹಳೆಯದೇ ಮತ್ತೆ ಕಂಡಾಗ ಸಂತೋಷ ಹೆಚ್ಚೇಕೆ? ಬ್ರಿಟನ್ ರಾಜಮನೆತನದ ಉಡುಗೆಗಳ ಬಗ್ಗೆ ಒಂದು ಪ್ರಶ್ನೆ

ನೂಲೆಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನ ರಾಜಮನೆತನದವರ ಉಡುಗೆ ತೊಡುಗೆಗಳನ್ನು ನಾನು ಬಹಳ ವರ್ಷಗಳಿಂದ ಆಸಕ್ತಿಯಿಂದ ಗಮನಿಸುತ್ತ ಬಂದಿದ್ದೇನೆ. ಮದುವೆಯಾಗಲಿ, ಪಟ್ಟಾಭಿಷೇಕವಾಗಲಿ, ಜೂನ್ ತಿಂಗಳ ಆಸ್ಕಟ್ ಕುದುರೆ ಪಂದ್ಯವಾಗಲಿ, ಯಾರು ಏನು ಹೇಳಿದರು ಎಂಬುದಕ್ಕಿಂತ ಮೊದಲು ಯಾರು ಏನು ತೊಟ್ಟಿದ್ದರು ಎಂಬುದರ ಕಡೆಗೇ ನನ್ನ ಕಣ್ಣು ಹೋಗುತ್ತದೆ. ಇದನ್ನು ಹಗುರವಾದ ಆಸಕ್ತಿ ಎಂದು ಯಾರಾದರೂ ಕರೆದರೆ ನನ್ನ ತಕರಾರಿಲ್ಲ. ಹಗುರವಾದ ಸಂತೋಷಕ್ಕೂ ಕಾರಣಗಳಿರುತ್ತವೆ, ಅಂಥ ಒಂದು ಕಾರಣವನ್ನು ತಿಳಿದುಕೊಳ್ಳುವ ಆಸೆಯಿಂದ ಈ ಪ್ರಶ್ನೆಯನ್ನು ತಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

2023ರ ಫೆಬ್ರುವರಿಯಲ್ಲಿ ನಡೆದ ಬಾಫ್ಟಾ ಚಲನಚಿತ್ರ ಪ್ರಶಸ್ತಿ ಸಮಾರಂಭಕ್ಕೆ ವೇಲ್ಸ್ ರಾಜಕುಮಾರಿ ಕ್ಯಾಥರೀನ್ ಅವರು ಅಲೆಕ್ಸಾಂಡರ್ ಮೆಕ್ವೀನ್ ಸಂಸ್ಥೆಯ ಬಿಳಿ ಗೌನೊಂದನ್ನು ಉಟ್ಟು ಬಂದರು. ಅದು 2019ರಲ್ಲಿ ಅದೇ ಸಮಾರಂಭಕ್ಕೆ ಅವರು ತೊಟ್ಟಿದ್ದ ಗೌನು. ಭುಜದ ಮೇಲಿನ ಅಲಂಕಾರವನ್ನು ತೆಗೆದು ಅಲ್ಲಿಂದ ಬಟ್ಟೆ ಇಳಿಬೀಳುವಂತೆ ಮಾಡಿ, ಮೊಣಕೈ ದಾಟುವ ಕಪ್ಪು ಕೈಗವಸುಗಳನ್ನು ಜೊತೆಗೂಡಿಸಿದ್ದರು. ಅಂದು ಅಲ್ಲಿ ಹೊಚ್ಚ ಹೊಸ ಉಡುಪು ತೊಟ್ಟ ತಾರೆಯರು ಬೇಕಾದಷ್ಟು ಮಂದಿ ಇದ್ದರು. ಆದರೂ ನಾಲ್ಕು ವರ್ಷ ಹಳೆಯದಾದ ಈ ಗೌನಿನ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ಹುಡುಕುವುದರಲ್ಲಿ ಜನರಿಗೆ ಸಿಕ್ಕ ಸಂತೋಷ ಬೇರೆ ಯಾವುದರಲ್ಲಿಯೂ ಸಿಕ್ಕಂತೆ ಕಾಣಲಿಲ್ಲ. ನನಗೂ ಸಿಕ್ಕಿದ್ದು ಅದರಲ್ಲಿಯೇ.

ಬೇಕಾದಷ್ಟು ಹೊಸ ಬಟ್ಟೆ ಹೊಲಿಸಿಕೊಳ್ಳಬಲ್ಲ ಮನೆತನದವರು ಹಳೆಯದನ್ನು ಮತ್ತೆ ತೊಟ್ಟಾಗ ನೋಡುವವರಿಗೆ ಇಷ್ಟೊಂದು ಹಿತವೆನಿಸುವುದೇಕೆ? ಅದು ಮಿತವ್ಯಯದ ಮೇಲಿನ ಮೆಚ್ಚುಗೆ ಮಾತ್ರವೇ, ಇಲ್ಲವೇ ಇನ್ನೇನಾದರೂ ಇದೆಯೇ? ಈ ವಿಷಯ ಬಲ್ಲವರು ಇಸವಿ ಸಹಿತ ಉದಾಹರಣೆಗಳನ್ನು ಕೊಟ್ಟು ವಿವರಿಸಿದರೆ ಉಪಕಾರವಾಗುತ್ತದೆ.

ಚರಿತ್ರಾಸಕ್ತ

ಒಳ್ಳೆಯ ಪ್ರಶ್ನೆ. ಮಿತವ್ಯಯ ಒಂದು ಕಾರಣವಿರಬಹುದು, ಆದರೆ ಅದು ಮುಖ್ಯ ಕಾರಣವೆಂದು ನನಗೆ ಅನಿಸುವುದಿಲ್ಲ. ಚಿತ್ರತಾರೆಯರು ದೊಡ್ಡ ಸಮಾರಂಭಗಳಿಗೆ ತೊಡುವ ಗೌನುಗಳಲ್ಲಿ ಬಹುಪಾಲು ವಿನ್ಯಾಸಕರಿಂದ ಒಂದು ಸಂಜೆಯ ಮಟ್ಟಿಗೆ ಎರವಲು ಬಂದವು. ಮರುದಿನ ಅವು ಹಿಂದಿರುಗುತ್ತವೆ, ತೊಟ್ಟವರಿಗೂ ಆ ಬಟ್ಟೆಗೂ ಇದ್ದ ನಂಟು ಅಲ್ಲಿಗೆ ಮುಗಿಯುತ್ತದೆ. ರಾಜಮನೆತನದವರು ಹಾಗಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ತಾಯಿಯ ತೋಳಿನಲ್ಲಿ ಶಾಲು ಸುತ್ತಿಕೊಂಡು ಕಾಣಿಸಿಕೊಂಡ ದಿನದಿಂದ ಮುಪ್ಪಿನವರೆಗೆ ಅವರು ಜನರ ಕಣ್ಣೆದುರಿಗೇ ಬೆಳೆಯುತ್ತಾರೆ, ಮದುವೆಯಾಗುತ್ತಾರೆ, ದುಃಖಿಸುತ್ತಾರೆ. ಹೀಗಾಗಿ ಅವರು ತೊಟ್ಟ ಒಂದೊಂದು ಬಟ್ಟೆಗೂ ಒಂದು ತಾರೀಖು, ಒಂದು ಸಂದರ್ಭ ಅಂಟಿಕೊಂಡಿರುತ್ತದೆ. ಆ ಬಟ್ಟೆ ಮತ್ತೆ ಕಣ್ಣಿಗೆ ಬಿದ್ದಾಗ ಹಿಂದಿನ ಸಂದರ್ಭವೂ ಅದರ ಜೊತೆಗೆ ಎದ್ದು ಬರುತ್ತದೆ, ಅದನ್ನು ಗುರುತಿಸಿದವನಿಗೆ ತಾನೂ ಆ ಕಾಲಕ್ಕೆ ಸಾಕ್ಷಿಯಾಗಿದ್ದೆ ಎಂಬ ಸಮಾಧಾನ ಸಿಗುತ್ತದೆ. ಕಪಾಟು ಅವರದು, ಅದರ ಲೆಕ್ಕದ ಪುಸ್ತಕ ಜನರದು.

ಇದಕ್ಕೆ ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ರಾಜಕುಮಾರಿ ಆ್ಯನ್ ಅವರದು. 1981ರ ಜುಲೈ 29ರಂದು ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಚಾರ್ಲ್ಸ್ ಮತ್ತು ಡಯಾನಾ ಅವರ ಮದುವೆ ನಡೆದಾಗ ಎಲ್ಲರ ಕಣ್ಣೂ ವಧುವಿನ ಹಿಂದೆ 25 ಅಡಿ ಉದ್ದಕ್ಕೆ ಹರಡಿಕೊಂಡಿದ್ದ ಸೆರಗಿನ ಮೇಲಿತ್ತು. ಆ ಜನಜಂಗುಳಿಯಲ್ಲಿ ವರನ ತಂಗಿಯಾದ ಆ್ಯನ್ ಅವರು ಹಳದಿ ಮತ್ತು ಬಿಳಿ ಬಣ್ಣದ, ಹೂವಿನ ಚಿತ್ತಾರವುಳ್ಳ ಒಂದು ಉಡುಪನ್ನು ತೊಟ್ಟಿದ್ದರು. 27 ವರ್ಷಗಳ ನಂತರ, 2008ರಲ್ಲಿ ರಾಜಮನೆತನದ ಬಂಧುವಾದ ಲೇಡಿ ರೋಸ್ ವಿಂಡ್ಸರ್ ಅವರ ಮದುವೆಗೆ ಆ್ಯನ್ ಅವರು ಅದೇ ಉಡುಪನ್ನು ತೊಟ್ಟು ನಡೆದು ಬಂದರು. ಇಷ್ಟು ವರ್ಷಗಳಲ್ಲಿ ಆ ಕುಟುಂಬದಲ್ಲಿ ಏನೆಲ್ಲ ಮುರಿದುಬಿದ್ದಿತ್ತು, ಏನೆಲ್ಲ ಉಳಿದಿತ್ತು ಎಂಬುದನ್ನು ಬಲ್ಲವರಿಗೆ ಆ ಒಂದು ಚಿತ್ರ ಸಾಕಾಗಿತ್ತು.

ಎರಡನೆಯದು 2020ರ ಜುಲೈ 17ರಂದು ನಡೆದ ರಾಜಕುಮಾರಿ ಬಿಯಾಟ್ರಿಸ್ ಅವರ ಮದುವೆ. ಸೋಂಕಿನ ಕಾಲವಾದ್ದರಿಂದ ವಿಂಡ್ಸರ್‌ನ ಸಣ್ಣ ಚಾಪೆಲ್‌ನಲ್ಲಿ ಕೆಲವೇ ಮಂದಿಯ ಎದುರಿನಲ್ಲಿ ಅದು ನಡೆಯಿತು. ವಧು ತೊಟ್ಟದ್ದು ಅಜ್ಜಿಯ ಗೌನು. ನಾರ್ಮನ್ ಹಾರ್ಟ್‌ನೆಲ್ ಅವರು ಎರಡನೆಯ ಎಲಿಜಬೆತ್ ರಾಣಿಗಾಗಿ ರೂಪಿಸಿದ್ದ, 1962ರಲ್ಲಿ ಚಲನಚಿತ್ರವೊಂದರ ಪ್ರಥಮ ಪ್ರದರ್ಶನಕ್ಕೆ ರಾಣಿ ತೊಟ್ಟಿದ್ದ ಗೌನು ಅದು. ತಲೆಯ ಮೇಲೆ ಇದ್ದದ್ದು ಮೇರಿ ರಾಣಿಗಾಗಿ 1919ರಲ್ಲಿ ತಯಾರಾದ ವಜ್ರದ ಟಿಯಾರಾ. 1947ರ ನವೆಂಬರ್ 20ರ ಬೆಳಿಗ್ಗೆ ಎಲಿಜಬೆತ್ ಅವರು ಮದುವೆಗೆ ಸಿದ್ಧರಾಗುತ್ತಿದ್ದಾಗ ಇದೇ ಟಿಯಾರಾ ಮುರಿದು, ಪೊಲೀಸರ ಬೆಂಗಾವಲಿನಲ್ಲಿ ಗ್ಯಾರರ್ಡ್ ಆಭರಣ ಸಂಸ್ಥೆಯ ಕಾರ್ಯಾಗಾರಕ್ಕೆ ಹೋಗಿ, ದುರಸ್ತಿಯಾಗಿ ಹಿಂದಿರುಗಿತ್ತು. 1973ರಲ್ಲಿ ಆ್ಯನ್ ಅವರ ಮದುವೆಗೂ ಅದೇ ಟಿಯಾರಾ ಬಂತು. ಇಂಥ ವಸ್ತುವನ್ನು ಮೊಮ್ಮಗಳ ತಲೆಯ ಮೇಲೆ ಕಂಡಾಗ ಜನರು ಬೆಲೆಯನ್ನು ಲೆಕ್ಕ ಹಾಕಲಿಲ್ಲ, ಮೂರು ಮದುವೆಗಳನ್ನು ನೆನಪಿಸಿಕೊಂಡರು.

ಕಸೂತಿಗಾರ್ತಿ

ಚರಿತ್ರಾಸಕ್ತ ಅವರ ಮಾತಿಗೆ ಹೊಲಿಗೆಯ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ನಾನು ಕಸೂತಿ ಕಲಿತವಳು, ಕಲಿಸುವವಳು. ಬಟ್ಟೆ ಅರವತ್ತು ವರ್ಷ ಬಾಳಬೇಕಾದರೆ ಮೊದಲ ಹೊಲಿಗೆಯೇ ಹಾಗಿರಬೇಕು ಎಂಬುದನ್ನು ನೋಡುಗರು ಹೆಚ್ಚಾಗಿ ಮರೆಯುತ್ತಾರೆ. ಬಿಯಾಟ್ರಿಸ್ ಅವರ ಗೌನನ್ನೇ ತೆಗೆದುಕೊಳ್ಳಿ. ಅದರ ಮೂಲ ರೂಪದಲ್ಲಿ ತೋಳುಗಳಿರಲಿಲ್ಲ. ರಾಣಿಯ ಉಡುಪುಗಳ ಉಸ್ತುವಾರಿ ವಹಿಸಿದ್ದ ಏಂಜೆಲಾ ಕೆಲ್ಲಿ ಮತ್ತು ವಿನ್ಯಾಸಕ ಸ್ಟೂವರ್ಟ್ ಪಾರ್ವಿನ್ ಅವರು ಸೇರಿ ಅದಕ್ಕೆ ಆರ್ಗಂಜಾ ಬಟ್ಟೆಯ ಗಿಡ್ಡ ತೋಳುಗಳನ್ನು ಕೂಡಿಸಿದರು. ಅಷ್ಟು ಹಳೆಯ ರೇಷ್ಮೆಯ ಮೇಲೆ ಹೊಸ ಸೂಜಿ ಆಡಿಸುವುದು ಎದೆಗಾರಿಕೆಯ ಕೆಲಸ. ಒಂದು ಎಳೆ ಹಿಡಿತ ತಪ್ಪಿದರೂ ಬಟ್ಟೆ ಸೀಳುತ್ತದೆ, ಹಾಗೆ ಸೀಳಿದ್ದನ್ನು ಕಣ್ಣಿಗೆ ಕಾಣದಂತೆ ಸರಿಪಡಿಸುವುದು ಬಹುತೇಕ ಅಸಾಧ್ಯ. ಆ ಚಿತ್ರಗಳನ್ನು ನೋಡುವಾಗ ನನ್ನ ಕಣ್ಣು ವಧುವಿನ ಮುಖಕ್ಕಿಂತ ಹೆಚ್ಚು ಹೊತ್ತು ತೋಳಿನ ಕೂಡಿಕೆಯ ಮೇಲೆಯೇ ನಿಂತಿತ್ತು.

2011ರ ಏಪ್ರಿಲ್ 29ರಂದು ನಡೆದ ತಮ್ಮ ಮದುವೆಗೆ ಕ್ಯಾಥರೀನ್ ಅವರು ತೊಟ್ಟ, ಸಾರಾ ಬರ್ಟನ್ ವಿನ್ಯಾಸದ ಗೌನಿನ ಲೇಸನ್ನು ಕೂಡಿಸಿದವರು ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿರುವ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್ ಸಂಸ್ಥೆಯ ಕಸೂತಿಗಾರರು. ಲೇಸು ಮಾಸದಿರಲೆಂದು ಅವರು ಪ್ರತಿ ಅರ್ಧ ಗಂಟೆಗೊಮ್ಮೆ ಕೈ ತೊಳೆದುಕೊಳ್ಳುತ್ತಿದ್ದರು, ಸೂಜಿಯ ಮೊನೆ ಮೊಂಡಾಗದಿರಲೆಂದು ಮೂರು ಗಂಟೆಗೊಮ್ಮೆ ಸೂಜಿ ಬದಲಿಸುತ್ತಿದ್ದರು. ಆ ವರ್ಷ ಬೇಸಿಗೆಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆ ಗೌನನ್ನು ಪ್ರದರ್ಶನಕ್ಕಿಟ್ಟಾಗ ಆರು ಲಕ್ಷಕ್ಕೂ ಹೆಚ್ಚು ಜನರು ಬಂದರು. ಅವರಲ್ಲಿ ಒಂದು ಪಾಲಾದರೂ ನನ್ನ ಹಾಗೆ ಹೊಲಿಗೆಯನ್ನು ನೋಡಲೆಂದೇ ಬಂದಿರುತ್ತಾರೆ ಎಂಬ ನಂಬಿಕೆ ನನಗಿದೆ.

ಇನ್ನೊಂದು ಮಾತು. ಮತ್ತೆ ಮತ್ತೆ ತೊಡುವ ಸಂಪ್ರದಾಯ ಈ ಮನೆತನದಲ್ಲಿ ಬಹಳ ಹಳೆಯದು. 1841ರಲ್ಲಿ ವಿಕ್ಟೋರಿಯಾ ರಾಣಿಯ ಮೊದಲ ಮಗುವಿನ ನಾಮಕರಣಕ್ಕೆಂದು ಇಂಗ್ಲೆಂಡಿನ ಹಾನಿಟನ್ ಊರಿನ ಹೆಸರಿನ ಲೇಸಿನಲ್ಲಿ ಒಂದು ಪುಟ್ಟ ನಿಲುವಂಗಿಯನ್ನು ಹೊಲಿಸಲಾಯಿತು. ಅದನ್ನು 2004ರವರೆಗೆ 62 ಶಿಶುಗಳು ತೊಟ್ಟವು. ಬಟ್ಟೆ ಇನ್ನು ತಾಳದು ಎಂದಾದಾಗ ಅದರ ಪ್ರತಿರೂಪವನ್ನು ಸಿದ್ಧಪಡಿಸಿ, 2008ರಿಂದ ಅದನ್ನು ಬಳಸುತ್ತಿದ್ದಾರೆ. 160 ವರ್ಷಕ್ಕೂ ಹೆಚ್ಚು ಕಾಲ ಒಗೆದು, ಮಡಿಸಿ, ಎತ್ತಿಟ್ಟು, ಮತ್ತೆ ಹೊರತೆಗೆದ ಲೇಸು ಅದು. ಅದನ್ನು ಕಾಪಾಡಿದ ಹೆಸರಿಲ್ಲದ ಕೈಗಳ ಬಗ್ಗೆ ನನಗೆ ಅಪಾರ ಗೌರವವಿದೆ.

ಮಿತಭಾಷಿ

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೆ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಲೇಬೇಕಾಗಿದೆ. ಹಳೆಯ ಉಡುಪಿನ ಮೇಲಿನ ಈ ಪ್ರೀತಿ ತೀರ ಇತ್ತೀಚಿನದು ಎಂದು ನನ್ನ ಅಭಿಪ್ರಾಯ. ಬಹುಕಾಲ ಜನರು ಬಯಸಿದ್ದು ಹೊಸತನ್ನೇ, ಅದೂ ತಾವೂ ತೊಡಬಹುದಾದ ಹೊಸತನ್ನು.

ಚರಿತ್ರೆಯಲ್ಲಿ ಇದಕ್ಕೆ ಸಾಕ್ಷಿಗಳಿವೆ. 1846ರಲ್ಲಿ ವಿಕ್ಟೋರಿಯಾ ಅವರ ನಾಲ್ಕು ವರ್ಷದ ಮಗ, ಮುಂದೆ ಏಳನೆಯ ಎಡ್ವರ್ಡ್ ಆದವರು, ರಾಜನೌಕೆಯ ಪ್ರಯಾಣದಲ್ಲಿ ನಾವಿಕರ ಉಡುಪಿನ ಪುಟ್ಟ ಪ್ರತಿಯನ್ನು ತೊಟ್ಟರು. ಚಿತ್ರಕಾರ ವಿಂಟರ್‌ಹಾಲ್ಟರ್ ಅವರು ಆ ವೇಷದಲ್ಲಿ ಬಾಲಕನ ಚಿತ್ರ ಬರೆದರು. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ಯುರೋಪು ಅಮೆರಿಕಗಳ ಮಕ್ಕಳು ಸಮುದ್ರ ಕಂಡಿರಲಿ ಬಿಡಲಿ, ನಾವಿಕರ ಕಾಲರಿನ ಅಂಗಿ ತೊಟ್ಟು ಓಡಾಡಿದರು. ಇದೇ ಬಾಲಕನನ್ನು ಮುಂದೆ ಮದುವೆಯಾದ ಅಲೆಕ್ಸಾಂಡ್ರಾ ಅವರ ಕಥೆ ಇನ್ನೂ ವಿಚಿತ್ರವಾದದ್ದು. 1867ರಲ್ಲಿ ತೀವ್ರ ಕಾಯಿಲೆಯಿಂದ ಅವರ ಮೊಣಕಾಲು ಬಿಗಿದುಕೊಂಡು ನಡಿಗೆಯಲ್ಲಿ ಕುಂಟು ಉಳಿದುಬಿಟ್ಟಿತು. ಅದನ್ನು ಕಂಡ ಫ್ಯಾಷನ್‌ಪ್ರಿಯ ಹೆಂಗಸರು ಆರೋಗ್ಯವಾಗಿದ್ದ ತಮ್ಮ ಕಾಲುಗಳಲ್ಲಿಯೇ ಕುಂಟುತ್ತ ನಡೆಯತೊಡಗಿದರು. ಕತ್ತಿನ ಮೇಲಿನ ಗಾಯದ ಕಲೆ ಮುಚ್ಚಲೆಂದು ಅಲೆಕ್ಸಾಂಡ್ರಾ ಅವರು ತೊಡುತ್ತಿದ್ದ ಎತ್ತರದ ಕಾಲರು ಮತ್ತು ಕತ್ತಿಗೆ ಅಂಟಿಕೊಂಡ ಮುತ್ತಿನ ಪಟ್ಟಿಗಳೂ ಹೀಗೆಯೇ ಎಲ್ಲರ ಕತ್ತಿಗೆ ಏರಿದವು.

ನಮ್ಮ ಕಾಲದಲ್ಲಿಯೂ ಇದೇ ನಡೆದಿದೆ. 2011ರ ಮೇ ತಿಂಗಳಲ್ಲಿ ಒಬಾಮಾ ದಂಪತಿಯನ್ನು ಭೇಟಿಯಾಗುವಾಗ ಕ್ಯಾಥರೀನ್ ಅವರು ರೀಸ್ ಎಂಬ ಸಾಮಾನ್ಯ ಮಳಿಗೆಯ 175 ಪೌಂಡಿನ ಉಡುಪು ತೊಟ್ಟಿದ್ದರು. ಕೊಳ್ಳಲು ಮುಗಿಬಿದ್ದವರ ಭಾರಕ್ಕೆ ಆ ಸಂಸ್ಥೆಯ ಜಾಲತಾಣ ನಿಂತುಹೋಯಿತು. 2016ರ ಏಪ್ರಿಲ್‌ನಲ್ಲಿ ಮುಂಬಯಿಯ ಮೈದಾನದಲ್ಲಿ ಮಕ್ಕಳ ಜೊತೆ ಕ್ರಿಕೆಟ್ ಆಡುವಾಗ ಅವರು ತೊಟ್ಟಿದ್ದ ಅನಿತಾ ಡೋಂಗ್ರೆ ಅವರ ವಿನ್ಯಾಸದ ಉಡುಪಿಗೂ ಅದೇ ಗತಿಯಾಯಿತು. ಇದರಲ್ಲಿ ನೆನಪು, ಸಾಕ್ಷಿ ಇತ್ಯಾದಿಗಳ ಪಾಲು ಕಡಿಮೆ. ಅವರಂತೆ ಕಾಣಬೇಕೆಂಬ ಸರಳವಾದ, ಹಾನಿಯಿಲ್ಲದ ಆಸೆಯೇ ಇದರ ಮೂಲ. ಈಗ ಪರಿಸರದ ಕಾಳಜಿ ಹೆಚ್ಚಿರುವುದರಿಂದ ಹಳೆಯ ಬಟ್ಟೆ ತೊಡುವುದೇ ಅನುಕರಣೀಯ ಎಂಬ ಭಾವನೆ ಬಂದಿದೆ. 2020ರ ಬಾಫ್ಟಾ ಸಮಾರಂಭದ ಆಯೋಜಕರು ಇದ್ದ ಬಟ್ಟೆಯನ್ನೇ ತೊಟ್ಟು ಬರುವ ಬಗ್ಗೆ ಯೋಚಿಸಿ ಎಂದು ಅತಿಥಿಗಳನ್ನು ಕೋರಿದ್ದರು. ಕ್ಯಾಥರೀನ್ ಅವರು 2012ರಲ್ಲಿ ಕ್ವಾಲಾಲಂಪುರದಲ್ಲಿ ತೊಟ್ಟಿದ್ದ ಬಿಳಿ ಹಾಗೂ ಹೊಂಬಣ್ಣದ ಗೌನನ್ನೇ ಅಂದು ತೊಟ್ಟು ಬಂದರು. ಜನರ ಮೆಚ್ಚುಗೆ ಆ ದಾರಿ ಹಿಡಿದದ್ದು ಹೀಗೆ.

ನೂಲೆಳೆ

ಮೂವರಿಗೂ ಧನ್ಯವಾದಗಳು. ಅಲೆಕ್ಸಾಂಡ್ರಾ ಅವರ ನಡಿಗೆಯ ಸಂಗತಿ ನನಗೆ ಹೊಸದು. ಮಿತಭಾಷಿ ಅವರು ಹೇಳಿದ ಅನುಕರಣೆಯ ಆಸೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಪಟ್ಟಾಭಿಷೇಕದ ಗೌನನ್ನಾಗಲಿ ವಜ್ರದ ಟಿಯಾರಾವನ್ನಾಗಲಿ ಯಾರೂ ಕೊಂಡು ತೊಡುವಂತಿಲ್ಲ, ಆದರೂ ನಾವು ಅವುಗಳನ್ನು ಬಿಡದೆ ನೋಡುತ್ತೇವೆ. ಅಲ್ಲಿ ಕೆಲಸ ಮಾಡುವ ಸಂತೋಷ ಬೇರೆ ಬಗೆಯದಿರಬೇಕಲ್ಲವೇ?

ಚರಿತ್ರಾಸಕ್ತ

ಹೌದು, ಮತ್ತು ಅದು ಇತ್ತೀಚಿನದೇನೂ ಅಲ್ಲ ಎಂಬುದು ಮಿತಭಾಷಿ ಅವರಿಗೆ ನನ್ನ ಸವಿನಯ ಉತ್ತರ. 1953ರ ಜೂನ್ 2ರ ಪಟ್ಟಾಭಿಷೇಕಕ್ಕೆ ಹಾರ್ಟ್‌ನೆಲ್ ಅವರು ರೂಪಿಸಿದ ಗೌನಿನ ಮೇಲೆ ಇಂಗ್ಲೆಂಡಿನ ಗುಲಾಬಿ, ಸ್ಕಾಟ್ಲೆಂಡಿನ ಥಿಸಲ್ ಹೂವುಗಳ ಜೊತೆಗೆ ಕೆನಡಾದ ಮೇಪಲ್ ಎಲೆ, ಆಸ್ಟ್ರೇಲಿಯಾದ ವಾಟಲ್ ಹೂವು, ನ್ಯೂಜಿಲೆಂಡಿನ ಜರೀಗಿಡ, ಭಾರತ ಮತ್ತು ಸಿಲೋನಿನ ಕಮಲಗಳು ಕಸೂತಿಯಲ್ಲಿ ಮೂಡಿದ್ದವು. ರಾಣಿ ಅದನ್ನು ಒಂದು ದಿನಕ್ಕೆಂದು ಎತ್ತಿಡಲಿಲ್ಲ. 1954ರ ಪ್ರವಾಸದಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಸಿಲೋನುಗಳ ಸಂಸತ್ತುಗಳಲ್ಲಿ ಅದನ್ನೇ ತೊಟ್ಟು ಕಾಣಿಸಿಕೊಂಡರು, 1957ರಲ್ಲಿ ಕೆನಡಾದಲ್ಲಿ ಮತ್ತೊಮ್ಮೆ ತೊಟ್ಟರು. ಲಂಡನ್ನಿಗೆ ಹೋಗಲಾರದವರು ತಮ್ಮ ದೇಶದ ಹೂವನ್ನು ಆ ಗೌನಿನ ಮೇಲೆ ತಮ್ಮ ನೆಲದಲ್ಲಿಯೇ ಕಂಡರು. ಹಳೆಯ ಉಡುಪನ್ನು ಮತ್ತೆ ತೊಡುವುದರಲ್ಲಿ ಸೌಜನ್ಯವೂ ಇರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅದಕ್ಕೂ ಹಿಂದೆ, ವಿಕ್ಟೋರಿಯಾ ರಾಣಿ 1840ರ ಫೆಬ್ರುವರಿ 10ರಂದು ತಮ್ಮ ಮದುವೆಗೆ ತೊಟ್ಟ ಹಾನಿಟನ್ ಲೇಸನ್ನು ಜೀವನವಿಡೀ ತೆಗೆದು ತೆಗೆದು ಬಳಸಿದರು. 1897ರ ವಜ್ರಮಹೋತ್ಸವದ ಅಧಿಕೃತ ಭಾವಚಿತ್ರದಲ್ಲಿ, ಗಂಡ ತೀರಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಕಪ್ಪು ಉಡುಪಿನ ಮೇಲೆ ಅವರು ಹೊದ್ದಿರುವುದು ಅದೇ ಮದುವೆಯ ಲೇಸು.

2023ರ ಮೇ 6ರ ಪಟ್ಟಾಭಿಷೇಕವನ್ನು ನೋಡಿದವರು ಗಮನಿಸಿರಬಹುದು, ಅಂದು ಚಾರ್ಲ್ಸ್ ದೊರೆಯ ಮೈಮೇಲಿದ್ದ ವಸ್ತ್ರಗಳಲ್ಲಿ ಮುಖ್ಯವಾದವೆಲ್ಲ ಹಿರಿಯರವು. ಬಂಗಾರದ ಎಳೆಯ ಭಾರವಾದ ಮೇಲುಹೊದಿಕೆ 1821ರಲ್ಲಿ ನಾಲ್ಕನೆಯ ಜಾರ್ಜ್‌ಗಾಗಿ ನೇಯ್ದದ್ದು, ಅದರ ಒಳಗಿನ ನಿಲುವಂಗಿ 1911ರಲ್ಲಿ ಐದನೆಯ ಜಾರ್ಜ್‌ಗಾಗಿ ಹೊಲಿದದ್ದು, ಬಲಗೈಯ ಕೈಗವಸು 1937ರಲ್ಲಿ ತಾತ ಆರನೆಯ ಜಾರ್ಜ್ ತೊಟ್ಟದ್ದು. ಕ್ಯಾಮಿಲಾ ರಾಣಿಯ ತಲೆಯ ಮೇಲೆ ಏರಿದ್ದು 1911ರ ಮೇರಿ ರಾಣಿಯ ಕಿರೀಟ. ಒಬ್ಬ ಮನುಷ್ಯನ ಮೈಮೇಲೆ ಇನ್ನೂರು ವರ್ಷಗಳು ಒಟ್ಟಿಗೆ ಕೂತಿದ್ದವು.

ಕಸೂತಿಗಾರ್ತಿ

ಅದೇ ಪಟ್ಟಾಭಿಷೇಕದಲ್ಲಿ ಹೊಸತಾಗಿ ಹೊಲಿಸಿದ ಉಡುಪಿನಲ್ಲಿಯೂ ಒಂದು ಮುದ್ದಾದ ವಿವರವಿತ್ತು. ಬ್ರೂಸ್ ಓಲ್ಡ್‌ಫೀಲ್ಡ್ ರೂಪಿಸಿದ ಕ್ಯಾಮಿಲಾ ಅವರ ಗೌನಿನ ಕೆಳಭಾಗದಲ್ಲಿ ಕಾಡುಹೂವುಗಳ ನಡುವೆ, ಆಶ್ರಯಧಾಮದಿಂದ ತಂದು ಸಾಕಿದ ಅವರ ಎರಡು ನಾಯಿಗಳ ಆಕೃತಿಯನ್ನು ಹೊಂಬಣ್ಣದ ದಾರದಲ್ಲಿ ಕಸೂತಿ ಮಾಡಲಾಗಿತ್ತು. ಸಾವಿರ ವರ್ಷ ಹಳೆಯದಾದ ಧಾರ್ಮಿಕ ವಿಧಿಯೊಂದರ ನಡುವೆ ಸಾಕುನಾಯಿಗಳಿಗೂ ಜಾಗ ಸಿಕ್ಕಿದ್ದು ನನಗೆ ಬಹಳ ಹಿಡಿಸಿತು. ಇಂಥದ್ದನ್ನು ಹುಡುಕಿ ಕಂಡುಹಿಡಿಯುವುದರಲ್ಲಿಯೇ ಈ ಹವ್ಯಾಸದ ರುಚಿಯಿದೆ.

ಹೂವುಗಳ ವಿಷಯ ಬಂದದ್ದರಿಂದ ಇನ್ನೆರಡನ್ನು ಹೇಳುತ್ತೇನೆ. 2011ರ ಮೇ 17ರಂದು ರಾಣಿ ಐರ್ಲೆಂಡಿಗೆ ಕಾಲಿಟ್ಟಾಗ, ಅದು ನೂರು ವರ್ಷಗಳ ನಂತರ ಬ್ರಿಟನ್ನಿನ ಅರಸೊತ್ತಿಗೆಯಲ್ಲಿದ್ದವರು ಅಲ್ಲಿಗೆ ಕೊಟ್ಟ ಮೊದಲ ಭೇಟಿ. ಅವರು ವಿಮಾನದಿಂದ ಇಳಿದದ್ದು ಹಸಿರು ಕೋಟಿನಲ್ಲಿ. ಮರುದಿನ ಡಬ್ಲಿನ್ ಕೋಟೆಯ ಔತಣಕ್ಕೆ ತೊಟ್ಟ ಗೌನಿನ ಮೇಲೆ ಐರ್ಲೆಂಡಿನ ಗುರುತಾದ ಶಾಮ್‌ರಾಕ್ ಎಲೆಗಳನ್ನು ಎರಡು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಕೈಯಿಂದಲೇ ಹೊಲಿದು ಕೂರಿಸಲಾಗಿತ್ತು. ಅಷ್ಟು ಕಹಿಯ ಇತಿಹಾಸವಿದ್ದ ಎರಡು ದೇಶಗಳ ನಡುವೆ ಮಾತು ಶುರುವಾಗುವುದಕ್ಕೆ ಮೊದಲೇ ಬಣ್ಣ ಒಂದು ಮಾತು ಆಡಿತ್ತು. 2018ರ ಮೇ 19ರಂದು ರಾಜಕುಮಾರ ಹ್ಯಾರಿ ಅವರನ್ನು ವರಿಸಿದ ಮೇಗನ್ ಅವರ ಐದು ಮೀಟರ್ ಉದ್ದದ ಮುಸುಕಿನ ಅಂಚಿನಲ್ಲಿ ಕಾಮನ್‌ವೆಲ್ತ್‌ನ 53 ದೇಶಗಳ ಹೂವುಗಳಿದ್ದವು, ಭಾರತದ ಕಮಲವೂ ಅಲ್ಲಿತ್ತು. ಜೊತೆಗೆ ಅವರು ತಮ್ಮ ಹುಟ್ಟುನೆಲವಾದ ಕ್ಯಾಲಿಫೋರ್ನಿಯಾದ ಗಸಗಸೆ ಹೂವನ್ನೂ ಸೇರಿಸಿಕೊಂಡಿದ್ದರು.

ಎಲಿಜಬೆತ್ ರಾಣಿಯ ನಿತ್ಯದ ಉಡುಪಿನ ಹಿಂದಿನ ಜಾಣತನವನ್ನೂ ಮರೆಯಬಾರದು. ಗುಂಪಿನ ಹಿಂದಿನ ಸಾಲಿನಲ್ಲಿ ನಿಂತ ಗಿಡ್ಡ ವ್ಯಕ್ತಿಗೂ ತಾವು ಕಾಣಬೇಕೆಂದು ಅವರು ಒಂದೇ ಗಾಢ ಬಣ್ಣವನ್ನು ಟೋಪಿಯಿಂದ ಕೋಟಿನವರೆಗೆ ತೊಡುತ್ತಿದ್ದರು. ಮಳೆ ಬಂದರೆ ಮುಖ ಮರೆಯಾಗದಂತೆ ಪಾರದರ್ಶಕ ಕೊಡೆ ಹಿಡಿಯುತ್ತಿದ್ದರು, ಆ ಕೊಡೆಯ ಅಂಚಿನ ಪಟ್ಟಿಯೂ ಅಂದಿನ ಉಡುಪಿನ ಬಣ್ಣದ್ದೇ. 2016ರಲ್ಲಿ ತಮ್ಮ ತೊಂಬತ್ತನೆಯ ಜನ್ಮದಿನದ ಸೇನಾ ಕವಾಯತಿಗೆ ಅವರು ತೊಟ್ಟ ಕಣ್ಣು ಕೋರೈಸುವ ಹಸಿರನ್ನು ಮರೆತವರಿಲ್ಲ. ಆಸ್ಕಟ್ ಪಂದ್ಯದ ದಿನ ಅವರ ಟೋಪಿ ಯಾವ ಬಣ್ಣದ್ದು ಎಂಬುದರ ಮೇಲೆ ಜನರು ಬಾಜಿ ಕಟ್ಟುತ್ತಿದ್ದರು, ಕುದುರೆಗಳ ಮೇಲೆ ಕಟ್ಟಿದಷ್ಟೇ ಉತ್ಸಾಹದಿಂದ.

ಟೋಪಿವಾಲ

ಟೋಪಿಯ ಮಾತು ಬಂದಿದ್ದರಿಂದ ಒಂದೇ ಒಂದು ಸಂಗತಿ. 2011ರಲ್ಲಿ ಕ್ಯಾಥರೀನ್ ಅವರ ಮದುವೆಗೆ ಬಿಯಾಟ್ರಿಸ್ ಅವರು ತೊಟ್ಟಿದ್ದ ಫಿಲಿಪ್ ಟ್ರೇಸಿ ವಿನ್ಯಾಸದ, ದೊಡ್ಡ ಬಿಲ್ಲುಗಂಟಿನ ಆಕಾರದ ಟೋಪಿಯನ್ನು ಕಂಡು ಇಡೀ ಜಗತ್ತು ನಕ್ಕಿತ್ತು. ಅವರು ಅದನ್ನು ಬಚ್ಚಿಡಲಿಲ್ಲ, ಆ ವರ್ಷವೇ ಅಂತರ್ಜಾಲದ ಹರಾಜಿಗಿಟ್ಟರು. 81,000 ಪೌಂಡಿಗೂ ಹೆಚ್ಚಿನ ಹಣ ಬಂತು, ಯುನಿಸೆಫ್ ಮತ್ತು ಇನ್ನೊಂದು ಮಕ್ಕಳ ಸಂಸ್ಥೆಗೆ ಅದು ಹೋಯಿತು. ಇಪ್ಪತ್ತೆರಡರ ಹುಡುಗಿಯೊಬ್ಬಳು ನಗೆಯನ್ನು ಇಷ್ಟು ಘನತೆಯಿಂದ ಎದುರಿಸಿದ್ದನ್ನು ನಾನು ಬೇರೆ ಕಂಡಿಲ್ಲ. ಗಂಡಸರ ಕಡೆಯಿಂದ ಚಾರ್ಲ್ಸ್ ಅವರ ತೇಪೆ ಹಾಕಿದ ಕೋಟು ಮತ್ತು ತೇಪೆ ಹಾಕಿದ ಷೂಗಳನ್ನು ಈ ಪಟ್ಟಿಗೆ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಮಾತೆಲ್ಲ ಗೌನುಗಳ ಸುತ್ತಲೇ ಸುತ್ತುತ್ತಿದೆ.

ಮಿತಭಾಷಿ

1954ರ ಸಂಗತಿ ನನ್ನ ವಾದವನ್ನು ಸಾಕಷ್ಟು ಸಡಿಲಗೊಳಿಸುತ್ತದೆ. ಆದರೂ ಡಯಾನಾ ಅವರ ಉದಾಹರಣೆಯನ್ನು ಪರಿಶೀಲಿಸದೆ ಈ ಚರ್ಚೆ ಪೂರ್ಣವಾಗದು. ಅವರು 1997ರ ಜೂನ್‌ನಲ್ಲಿ ತಮ್ಮ 79 ಗೌನುಗಳನ್ನು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಮಾರಿದರು. ಅದು ಮಗ ವಿಲಿಯಂ ಕೊಟ್ಟ ಸಲಹೆ. ಬಂದ 32 ಲಕ್ಷಕ್ಕೂ ಹೆಚ್ಚು ಡಾಲರುಗಳು ಏಡ್ಸ್ ಮತ್ತು ಕ್ಯಾನ್ಸರ್ ರೋಗಿಗಳ ನೆರವಿಗೆ ಹೋದವು. ಅಂದರೆ ಆ ಉಡುಪುಗಳ ಹಳೆಯ ಬದುಕನ್ನು ಅವರೇ ಬೇಕೆಂದು ಮುಗಿಸಿದರು, ಮತ್ತೆ ತೊಡುವ ಪ್ರಶ್ನೆಯೇ ಅಲ್ಲಿರಲಿಲ್ಲ. ಆದರೆ ಜನರು ಮುಗಿಯಲು ಬಿಡಲಿಲ್ಲ. 1985ರಲ್ಲಿ ಶ್ವೇತಭವನದಲ್ಲಿ ಜಾನ್ ಟ್ರವೋಲ್ಟಾ ಅವರೊಂದಿಗೆ ನರ್ತಿಸಿದಾಗ ತೊಟ್ಟಿದ್ದ ಕಡುನೀಲಿ ವೆಲ್ವೆಟ್ ಗೌನು ಆ ಹರಾಜಿನಲ್ಲಿ 2,22,500 ಡಾಲರಿಗೆ ಹೋಯಿತು. ಕೊನೆಗೆ 2019ರಲ್ಲಿ ಅರಮನೆಗಳನ್ನು ನೋಡಿಕೊಳ್ಳುವ ಹಿಸ್ಟಾರಿಕ್ ರಾಯಲ್ ಪ್ಯಾಲೇಸಸ್ ಸಂಸ್ಥೆಯೇ ಅದನ್ನು 2,64,000 ಪೌಂಡು ಕೊಟ್ಟು ಕೊಂಡುತಂದಿತು. 1981ರಲ್ಲಿ ಅವರು ತೊಟ್ಟಿದ್ದ, ಬಿಳಿ ಕುರಿಗಳ ಸಾಲಿನಲ್ಲಿ ಒಂದು ಕಪ್ಪು ಕುರಿಯಿದ್ದ ಕೆಂಪು ಸ್ವೆಟರು 2023ರಲ್ಲಿ 11 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ತೊಡುವವರು ಇಲ್ಲವಾದ ಮೇಲೆ ಉಡುಪನ್ನು ಗುರುತಿಸುವ ಕೆಲಸ ಪೂರ್ತಿಯಾಗಿ ನೋಡುವವರ ಪಾಲಿಗೆ ಬಂತು. ಲೆಕ್ಕದ ಪುಸ್ತಕ ಜನರದು ಎಂಬ ಚರಿತ್ರಾಸಕ್ತ ಅವರ ಮಾತನ್ನು ಈ ಒಂದು ಅಂಶದಲ್ಲಿ ನಾನು ಪೂರ್ತಿ ಒಪ್ಪುತ್ತೇನೆ.

ಚರಿತ್ರಾಸಕ್ತ

ಡಯಾನಾ ಅವರ ವಿಷಯದಲ್ಲಿ ಇನ್ನೊಂದು ಎಳೆಯೂ ಮುಂದುವರಿದಿದೆ. ಜಪಾನಿನ ಮುತ್ತುಗಳಿಂದ ಮಾಡಿದ ನಾಲ್ಕು ಎಳೆಯ ಕಂಠಪಟ್ಟಿಯೊಂದು ಎಲಿಜಬೆತ್ ರಾಣಿಯ ಬಳಿಯಿತ್ತು. 1982ರಲ್ಲಿ ಅದನ್ನು ಎರವಲು ಪಡೆದು ಡಯಾನಾ ತೊಟ್ಟರು. 2021ರಲ್ಲಿ ರಾಣಿಯ ಪತಿ ರಾಜಕುಮಾರ ಫಿಲಿಪ್ ಅವರ ಅಂತ್ಯಕ್ರಿಯೆಗೂ, 2022ರ ಸೆಪ್ಟೆಂಬರ್‌ನಲ್ಲಿ ಸ್ವತಃ ರಾಣಿಯ ಅಂತ್ಯಕ್ರಿಯೆಗೂ ಕ್ಯಾಥರೀನ್ ಅದನ್ನೇ ತೊಟ್ಟರು. ಕಪ್ಪು ಉಡುಪಿನ ಮೇಲೆ ಆ ಮುತ್ತುಗಳನ್ನು ಕಂಡ ಕೂಡಲೇ ಅದು ಯಾರದು, ಹಿಂದೆ ಯಾರ ಕತ್ತಿನಲ್ಲಿತ್ತು ಎಂದು ಹೇಳಬಲ್ಲವರು ಜಗತ್ತಿನಾದ್ಯಂತ ಇದ್ದರು.

ಮಿತವ್ಯಯದ ಪ್ರಶ್ನೆಗೂ ಒಂದು ಮಾತು ಸೇರಿಸುತ್ತೇನೆ. 1947ರಲ್ಲಿ ಎಲಿಜಬೆತ್ ಅವರ ಮದುವೆಯ ಹೊತ್ತಿಗೆ ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರವಿತ್ತು, ರಾಜಕುಮಾರಿಯೂ ಕೂಪನ್ನುಗಳನ್ನು ಕೊಟ್ಟೇ ಬಟ್ಟೆ ಪಡೆಯಬೇಕಾಗಿತ್ತು. ಸರ್ಕಾರ ಅವರಿಗೆ 200 ಕೂಪನ್ನುಗಳನ್ನು ಹೆಚ್ಚುವರಿಯಾಗಿ ಕೊಟ್ಟಿತು. ಅದು ಸಾಲದೆಂದು ಎಷ್ಟೋ ಜನ ಹೆಂಗಸರು ತಮ್ಮ ಪಾಲಿನ ಕೂಪನ್ನುಗಳನ್ನೇ ಅಂಚೆಯಲ್ಲಿ ಕಳುಹಿಸಿದರು. ಒಬ್ಬರ ಕೂಪನ್ನನ್ನು ಇನ್ನೊಬ್ಬರು ಬಳಸುವುದು ಕಾನೂನಿಗೆ ವಿರುದ್ಧವಾದ್ದರಿಂದ ಅವೆಲ್ಲವನ್ನೂ ಹಿಂದಿರುಗಿಸಬೇಕಾಯಿತು. ತಾವು ಹರಕು ತೊಟ್ಟರೂ ಪರವಾಗಿಲ್ಲ, ಆ ಹುಡುಗಿಯ ಮದುವೆಯ ಸೀರೆಸಿಂಗಾರ ಚೆನ್ನಾಗಿರಲಿ ಎಂದು ಬಯಸಿದ ಆ ಹೆಂಗಸರಿಗೆ ಮಿತವ್ಯಯದ ಮಾತು ಹೇಳಿಕೊಡಬೇಕಾಗಿರಲಿಲ್ಲ, ಯುದ್ಧದ ಆರು ವರ್ಷ ಅವರು ಅದನ್ನೇ ಬದುಕಿದ್ದರು.

ನೂಲೆಳೆ

ಕೂಪನ್ನುಗಳ ಸಂಗತಿಯನ್ನು ಓದಿ ಮನಸ್ಸು ತುಂಬಿ ಬಂತು. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೊನೆಯದಾಗಿ ಒಂದು ಪ್ರಾಯೋಗಿಕ ಪ್ರಶ್ನೆ: ಇಂಥ ಉಡುಪುಗಳನ್ನು ಸಾರ್ವಜನಿಕರು ಕಣ್ಣಾರೆ ನೋಡಲು ಅವಕಾಶವಿದೆಯೇ?

ಕಸೂತಿಗಾರ್ತಿ

ಅವಕಾಶವಿದೆ. ಹಿಸ್ಟಾರಿಕ್ ರಾಯಲ್ ಪ್ಯಾಲೇಸಸ್ ಸಂಸ್ಥೆಯ ರಾಯಲ್ ಸೆರೆಮೋನಿಯಲ್ ಡ್ರೆಸ್ ಕಲೆಕ್ಷನ್ ಎಂಬ ಸಂಗ್ರಹದಲ್ಲಿ 10,000ಕ್ಕೂ ಹೆಚ್ಚು ವಸ್ತುಗಳಿವೆ. ಅದರಿಂದ ಆಯ್ದವುಗಳನ್ನು ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ ಕಾಲಕಾಲಕ್ಕೆ ಪ್ರದರ್ಶಿಸುತ್ತಾರೆ. ಮಿತಭಾಷಿ ಅವರು ಹೇಳಿದ 1846ರ ನಾವಿಕರ ಪುಟ್ಟ ಉಡುಪು ಗ್ರೀನಿಚ್‌ನ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದ ಬಳಿಯಿದೆ. ಹಳೆಯ ರೇಷ್ಮೆ ಮತ್ತು ಲೇಸು ಬೆಳಕಿಗೆ ಬೇಗ ಹಾಳಾಗುತ್ತವೆ. ಹೀಗಾಗಿ ಅವುಗಳನ್ನು ಮಂದ ಬೆಳಕಿನಲ್ಲಿ ಕೆಲವು ತಿಂಗಳು ಮಾತ್ರ ಇಟ್ಟು ಮತ್ತೆ ಪೆಟ್ಟಿಗೆಗೆ ಸೇರಿಸುತ್ತಾರೆ. ಯಾವ ಉಡುಪು ಯಾವಾಗ ಪ್ರದರ್ಶನದಲ್ಲಿರುತ್ತದೆ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಂಡೇ ಹೊರಡಿ.